ನಾಯಿಯ ರಕ್ತದ ಚೀಟಿ ಓದೋದು ಹ್ಯಾಂಗ?

ಕುರಿ ಸಾಕಿದವರಿಗೆ ನಾಯಿ ಅಂದ್ರೆ ಒಂದು ಆಳಿದ್ದಂಗ. ದೇವದುರ್ಗ, ಮಾನ್ವಿ ಕಡೆ ಹೊಲದಾಗ ಕುರಿ ನಿಲ್ಲಿಸಿದಾಗ ರಾತ್ರಿಯೆಲ್ಲ ಎಚ್ಚರ ಇರೋದು ಅದೇ. ಕಂದೂರಿ ಮರುದಿನ ಅಂಥ ನಾಯಿ ಮತ್ತೆ ಮತ್ತೆ ವಾಂತಿ ಮಾಡಿ, ಕೂಳು ಬಿಟ್ಟು, ಮುಂಗಾಲು ನೆಲಕ್ಕೂರಿ ಹಿಂಭಾಗ ಮೇಲೆತ್ತಿ ನಿಂತ್ರೆ ಹೊಟ್ಟೆನೋವು ಇರಬಹುದು. ಕೊಬ್ಬಿನ ಮಾಂಸ ಹೆಚ್ಚು ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಬಾವು ಬರೋದುಂಟು. ಆಗ ಡಾಕ್ಟರು ರಕ್ತದಾಗ ಲೈಪೇಸ್ ನೋಡಿಸ್ತಾರೆ.

ಲೈಪೇಸ್ ಅಂದ್ರೆ ಕೊಬ್ಬು ಕರಗಿಸುವ ಕಿಣ್ವ. ಗ್ರಂಥಿಯಿಂದ ಕರುಳಿಗೆ ಹೋಗಬೇಕಾದ್ದು, ಗ್ರಂಥಿ ಬಾತಾಗ ರಕ್ತಕ್ಕೆ ಸೋರುತ್ತದೆ. ಆದ್ರೆ ಅಂಕಿ ಹೆಚ್ಚು ಬಂದ ಕೂಡಲೇ ಇದೇ ರೋಗ ಅನ್ನಂಗಿಲ್ಲ. ಮೂತ್ರಪಿಂಡ ಕೆಟ್ಟರೂ ಏರುತ್ತದೆ, ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟಿದ್ದರೂ ಏರುತ್ತದೆ. ಅಂಕಿ ಸರಿ ಇದ್ದು ಬಾವು ಇರೋದೂ ಉಂಟು.

ಇನ್ನೊಂದು ತೊಡಕು ಐತಿ. ನಮ್ಮ ಊರ ಕುರಿಗಾರರೊಬ್ಬರ ನಾಯಿಯ ರಕ್ತವನ್ನ ರಾಯಚೂರಿನಾಗ ಮನುಷ್ಯರ ರಕ್ತ ನೋಡೋ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ರು. ಚೀಟಿಯೊಳಗ ‘ಹೆಚ್ಚು’ ಅಂತ ಬಂತು. ನಾಯಿ ಉಳಿಯೋದಿಲ್ಲ ಅಂತ ಮನೆಯವರು ಕೈಬಿಟ್ಟಿದ್ರು. ಪಶುವೈದ್ಯರು ನೋಡಿ, ಬಾಜೂಕ ಅಚ್ಚಾದ ಮಿತಿ ಮನುಷ್ಯರದು, ನಾಯಿಗೆ ಬ್ಯಾರೆ ಐತಿ, ಲ್ಯಾಬಿನಿಂದ ಲ್ಯಾಬಿಗೂ ಬ್ಯಾರೆ ಆಗ್ತದೆ ಅಂದ್ರು. ಎರಡು ದಿನದ ಹಿಂದೆ ಯಾರೋ ಕೊಟ್ಟ ಇಂಜೆಕ್ಷನ್ ಯಾವುದು ಅಂತ ಕೇಳಿದ್ರು. ಸಲೈನ್, ನೋವಿನ ಔಷಧ, ವಾಂತಿ ನಿಲ್ಲೋ ಔಷಧ ಕೊಟ್ಟು ನೋಡಿಕೊಂಡ್ರು. ನಾಯಿ ಎದ್ದು ಕುರಿ ಹಿಂದೆ ಹೋಯ್ತು.

ನಾಯಿಯ ಮೇದೋಜೀರಕದ ಲೈಪೇಸನ್ನೇ ಅಳೆಯೋ ಪರೀಕ್ಷೆಯೂ ಐತಿ. ಸ್ಪೆಕ್ ಸಿಪಿಎಲ್ ಅಂತಾರೆ. ಅದರಾಗ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸರಿ, 400 ಮತ್ತು ಮೇಲೆ ಬಾವಿನ ಸೂಚನೆ, ನಡುವಿನದು ಅನುಮಾನ, ಮತ್ತೆ ನೋಡಬೇಕು. ಇದಕ್ಕೂ ಲಕ್ಷಣ, ಸಾಧ್ಯವಾದರೆ ಸ್ಕ್ಯಾನಿಂಗ್ ಕೂಡಿಸಿಯೇ ತೀರ್ಮಾನ.

ಹಾಗಾಗಿ ಚೀಟಿ ಕೈಗೆ ಬಂದಾಗ ಡಾಕ್ಟರಿಗೆ ನಾಲ್ಕು ಮಾತು ಹೇಳ್ರಿ, ಕೇಳ್ರಿ: ನಾಯಿ ಏನು ತಿಂದಿತ್ತು, ವಾಂತಿ ಎಂದಿನಿಂದ? ಮೊದಲು ಯಾವ ಔಷಧ ಹಾಕಿದ್ದು? ಈ ಮಿತಿ ನಾಯಿಯದೋ ಮನುಷ್ಯರದೋ? ಮೂತ್ರಪಿಂಡ ನೋಡಲು ಕ್ರಿಯಾಟಿನಿನ್ ಮಾಡಿಸಬೇಕೋ?

ಗುಣವಾದ ಮೇಲೆ ಕೊಬ್ಬು ತೆಗೆದ ಕೂಳು ಸ್ವಲ್ಪ ಸ್ವಲ್ಪ ಹಾಕ್ರಿ. ಕಂದೂರಿ ದಿನ ನಾಯಿ ಕಟ್ಟಿಹಾಕೋದು ಮರೀಬ್ಯಾಡ್ರಿ.