ಆರು ಗೋಲುಗಳಿಂದ ಸೋತ ತಂಡ ಮುಂದಿನ ಸುತ್ತಿಗೆ ಹೋದದ್ದು ಹೇಗೆ?

ಮೊರಾಕ್ಕೊ ಎಂದ ಕೂಡಲೇ ಫುಟ್ಬಾಲ್ ನೋಡುವವರಿಗೆ 2022ರ ಡಿಸೆಂಬರ್ ನೆನಪಾಗುತ್ತದೆ. ಕತಾರ್‌ನಲ್ಲಿ ನಡೆದ ಪುರುಷರ ವಿಶ್ವಕಪ್‌ನಲ್ಲಿ ಆ ದೇಶದ ತಂಡ ಮೊದಲು ಸ್ಪೇನನ್ನು, ಆಮೇಲೆ ಪೋರ್ಚುಗಲನ್ನು ಸೋಲಿಸಿ ಸೆಮಿಫೈನಲ್ ತಲುಪಿತು. ಆಫ್ರಿಕಾದ ಯಾವ ತಂಡವೂ, ಅರಬ್ ಜಗತ್ತಿನ ಯಾವ ತಂಡವೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ.

ಆದರೆ ಅದೇ ದೇಶದ ಮಹಿಳಾ ತಂಡದ ಕಥೆ ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಪುರುಷರ ತಂಡವನ್ನು 'ಅಟ್ಲಾಸ್ ಸಿಂಹಗಳು' ಎಂದು ಕರೆದರೆ ಮಹಿಳೆಯರ ತಂಡಕ್ಕೆ 'ಅಟ್ಲಾಸ್ ಸಿಂಹಿಣಿಯರು' ಎಂಬ ಹೆಸರು. ಮೊರಾಕ್ಕೊದ ಅಟ್ಲಾಸ್ ಪರ್ವತಗಳಿಂದ ಬಂದ ಹೆಸರಿದು. ಈ ತಂಡದ ದಾಖಲೆಯನ್ನು ಅರ್ಧ ಓದಿದರೆ ಸೋಲುಗಳ ಪಟ್ಟಿಯಂತೆ ಕಾಣುತ್ತದೆ. ಪೂರ್ತಿ ಓದಿದರೆ ಬೇರೆಯೇ ಅರ್ಥ ಬರುತ್ತದೆ. ಅದನ್ನು ಪೂರ್ತಿ ಓದುವ ಪ್ರಯತ್ನವೇ ಈ ಲೇಖನ.

ಇಪ್ಪತ್ತೆರಡು ವರ್ಷಗಳ ಖಾಲಿ ಪುಟ

ಆಫ್ರಿಕಾ ಖಂಡದ ದೇಶಗಳ ನಡುವೆ ಮಹಿಳೆಯರಿಗಾಗಿ ನಡೆಯುವ ದೊಡ್ಡ ಪಂದ್ಯಾವಳಿ ಎಂದರೆ ಮಹಿಳಾ ಆಫ್ರಿಕಾ ಕಪ್. ಮೊರಾಕ್ಕೊ ತಂಡ 1998ರಲ್ಲಿ ಮತ್ತು 2000ದಲ್ಲಿ ಇದರಲ್ಲಿ ಆಡಿತು. ಎರಡು ಸಲವೂ ಗುಂಪು ಹಂತದಲ್ಲೇ ಹೊರಬಿತ್ತು. ಅದಾದ ಮೇಲೆ 2022ರವರೆಗೆ, ಅಂದರೆ ಇಪ್ಪತ್ತೆರಡು ವರ್ಷ, ಆ ತಂಡ ಆಫ್ರಿಕಾ ಕಪ್‌ನ ಅಂತಿಮ ಸುತ್ತಿನಲ್ಲಿ ಕಾಣಿಸಿಕೊಳ್ಳಲೇ ಇಲ್ಲ. 2000ದಲ್ಲಿ ಹುಟ್ಟಿದ ಮಗು ಓದು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ ಅದು.

ಈ ಖಾಲಿ ಪುಟಕ್ಕೆ ಕಾರಣ ಹುಡುಗಿಯರಿಗೆ ಆಟ ಬಾರದಿದ್ದುದಲ್ಲ. ರಾಷ್ಟ್ರೀಯ ತಂಡ ವರ್ಷಕ್ಕೆ ಆಡುವುದು ಕೆಲವೇ ಪಂದ್ಯಗಳನ್ನು. ಉಳಿದ ದಿನಗಳಲ್ಲಿ ಆಟಗಾರ್ತಿ ಎಲ್ಲಿ ಆಡುತ್ತಾಳೆ, ಯಾರು ಕಲಿಸುತ್ತಾರೆ, ಅವಳ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಕ್ಲಬ್ಬು ಗಟ್ಟಿಯಿಲ್ಲದಿದ್ದರೆ ರಾಷ್ಟ್ರೀಯ ತಂಡ ಗಟ್ಟಿಯಾಗದು. ಪಾಠ ನಡೆಯದ ತರಗತಿಯಿಂದ ರ‍್ಯಾಂಕ್ ಬರುವುದಿಲ್ಲವಲ್ಲ, ಹಾಗೆ.

2020ರಲ್ಲಿ ಬದಲಾದದ್ದೇನು?

2019ರ ಕೊನೆಯಲ್ಲಿ ರಾಜಧಾನಿ ರಬಾತ್‌ನ ಪಕ್ಕದ ಸಲೆ ಎಂಬಲ್ಲಿ ಆರನೇ ಮುಹಮ್ಮದ್ ಫುಟ್ಬಾಲ್ ಸಂಕೀರ್ಣ ಉದ್ಘಾಟನೆಯಾಯಿತು. ಅಲ್ಲಿ ಹಲವು ಮೈದಾನಗಳಿವೆ, ವಸತಿ ಇದೆ, ಚಿಕಿತ್ಸೆಯ ವ್ಯವಸ್ಥೆ ಇದೆ. ಪುರುಷರ ತಂಡ ಅಭ್ಯಾಸ ಮಾಡುವ ಆವರಣದಲ್ಲೇ ಮಹಿಳೆಯರ ತಂಡವೂ ಅಭ್ಯಾಸ ಮಾಡುತ್ತದೆ. 2020ರಲ್ಲಿ ಮೊರಾಕ್ಕೊ ಫುಟ್ಬಾಲ್ ಫೆಡರೇಶನ್ ಮಹಿಳಾ ಲೀಗನ್ನು ಎರಡು ದರ್ಜೆಗಳ ವೃತ್ತಿಪರ ಲೀಗ್ ಆಗಿ ಮಾಡಲು ಮುಂದಾಯಿತು. ಆಟಗಾರ್ತಿಯರಿಗೆ ಒಪ್ಪಂದ, ಸಂಬಳ, ಕ್ರಮಬದ್ಧ ಪಂದ್ಯಗಳು ಸಿಗಲಾರಂಭಿಸಿದವು.

ಅದೇ ವರ್ಷ ಫ್ರಾನ್ಸಿನ ರೆನಾಲ್ಡ್ ಪೆಡ್ರೋಸ್ ತರಬೇತುದಾರರಾಗಿ ಬಂದರು. ಅವರು ಲಿಯೋನ್ ಮಹಿಳಾ ತಂಡಕ್ಕೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆಲ್ಲಿಸಿಕೊಟ್ಟವರು. ಊರಿನ ಕ್ಲಬ್ಬುಗಳಲ್ಲಿ ಬೆಳೆದ ಹುಡುಗಿಯರ ಜೊತೆಗೆ ಯುರೋಪಿಗೆ ವಲಸೆ ಹೋದ ಮೊರಾಕ್ಕನ್ ಕುಟುಂಬಗಳ ಹೆಣ್ಣುಮಕ್ಕಳನ್ನೂ ತಂಡಕ್ಕೆ ಕರೆತರಲಾಯಿತು. ಮುನ್ಪಡೆಯ ರೊಸೆಲ್ಲಾ ಅಯಾನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅನಿಸ್ಸಾ ಲಹಮಾರಿ ಹುಟ್ಟಿದ್ದು ಫ್ರಾನ್ಸಿನಲ್ಲಿ. ನಾಯಕಿ ಘಿಝ್ಲಾನ್ ಶೆಬ್ಬಾಕ್ ಮಾತ್ರ ಮೊರಾಕ್ಕೊದಲ್ಲೇ ಬೆಳೆದವರು. ಅವರ ತಂದೆಯೂ ದೇಶಕ್ಕಾಗಿ ಆಡಿದವರು.

ಫಲ ಸಿಗಲು ಎರಡೇ ವರ್ಷ ಸಾಕಾಯಿತು. 2022ರ ಜುಲೈನಲ್ಲಿ ಮೊರಾಕ್ಕೊ ತನ್ನ ನೆಲದಲ್ಲೇ ಆಫ್ರಿಕಾ ಕಪ್ ನಡೆಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಬೋಟ್ಸ್ವಾನಾವನ್ನು 2–1ರಿಂದ ಸೋಲಿಸಿದ್ದರಿಂದ ವಿಶ್ವಕಪ್‌ಗೆ ಅರ್ಹತೆಯೂ ಸಿಕ್ಕಿತು. ಮಹಿಳಾ ವಿಶ್ವಕಪ್‌ಗೆ ಅರ್ಹತೆ ಪಡೆದ ಮೊದಲ ಅರಬ್ ದೇಶ ಅದು. ಸೆಮಿಫೈನಲ್‌ನಲ್ಲಿ ಎದುರಾಳಿ ನೈಜೀರಿಯಾ, ಖಂಡದ ಅತ್ಯಂತ ಬಲಿಷ್ಠ ತಂಡ. ಪಂದ್ಯ 1–1ರಲ್ಲಿ ನಿಂತಿತು. ನೈಜೀರಿಯಾ ಇಬ್ಬರು ಆಟಗಾರ್ತಿಯರನ್ನು ಕೆಂಪು ಕಾರ್ಡಿಗೆ ಕಳೆದುಕೊಂಡಿತ್ತು ಎಂಬುದನ್ನೂ ಹೇಳಬೇಕು. ಪೆನಾಲ್ಟಿ ಶೂಟೌಟ್‌ನಲ್ಲಿ ಕೊನೆಯ ಒದೆತ ಅಯಾನ್ ಅವರದು. ಮೊರಾಕ್ಕೊ 5–4ರಿಂದ ಗೆದ್ದಿತು. ರಬಾತ್‌ನ ಕ್ರೀಡಾಂಗಣದಲ್ಲಿ ಅಂದು 45,000ಕ್ಕೂ ಹೆಚ್ಚು ಜನ ಇದ್ದರು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 2–1ರಿಂದ ಗೆದ್ದು ಕಪ್ ಒಯ್ದಿತು. ಪಂದ್ಯಾವಳಿಯ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಶೆಬ್ಬಾಕ್ ಅವರಿಗೆ ಬಂತು.

ವಿಶ್ವಕಪ್‌ನ ಲೆಕ್ಕ

2023ರ ವಿಶ್ವಕಪ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆಯಿತು. ಮೊರಾಕ್ಕೊ ಅಂದು ಫಿಫಾ ಶ್ರೇಯಾಂಕದಲ್ಲಿ 72ನೇ ಸ್ಥಾನದಲ್ಲಿತ್ತು. ಅದರ ಗುಂಪಿನಲ್ಲಿದ್ದವರು ಎರಡು ಬಾರಿಯ ಚಾಂಪಿಯನ್ ಜರ್ಮನಿ, ಕೊಲಂಬಿಯಾ ಮತ್ತು ದಕ್ಷಿಣ ಕೊರಿಯಾ.

ಜುಲೈ 24ರಂದು ಮೆಲ್ಬರ್ನ್‌ನಲ್ಲಿ ಮೊದಲ ಪಂದ್ಯ. ಜರ್ಮನಿ 6, ಮೊರಾಕ್ಕೊ 0. ಆ ಆರರಲ್ಲಿ ಎರಡು ಗೋಲುಗಳು ಮೊರಾಕ್ಕೊ ಆಟಗಾರ್ತಿಯರಿಂದಲೇ ತಮ್ಮ ಬಲೆಗೆ ಬಿದ್ದವು. ಅಲ್ಲಿಗೆ ಟಿವಿ ಆರಿಸಿದವರು 'ಇವರದು ಮುಗಿಯಿತು' ಎಂದುಕೊಂಡಿರಬೇಕು.

ಜುಲೈ 30ರಂದು ಅಡಿಲೇಡ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಎರಡನೇ ಪಂದ್ಯ. ಆರನೇ ನಿಮಿಷದಲ್ಲಿ ಇಬ್ತಿಸಾಮ್ ಜ್ರೈದಿ ತಲೆಯಿಂದ ಚೆಂಡನ್ನು ಗೋಲಿಗೆ ತಿರುಗಿಸಿದರು. ಮಹಿಳಾ ವಿಶ್ವಕಪ್‌ನಲ್ಲಿ ಅರಬ್ ದೇಶವೊಂದರ ಮೊದಲ ಗೋಲು ಅದು. ಉಳಿದ ಹೊತ್ತು ಅದನ್ನು ಕಾಪಾಡಿಕೊಂಡು ಮೊರಾಕ್ಕೊ 1–0ರಿಂದ ಗೆದ್ದಿತು.

ಆಗಸ್ಟ್ 3ರಂದು ಪರ್ತ್‌ನಲ್ಲಿ ಕೊಲಂಬಿಯಾ ಎದುರು ಮೂರನೆಯದು. ಮೊದಲಾರ್ಧದ ಕೊನೆಯಲ್ಲಿ ಸಿಕ್ಕ ಪೆನಾಲ್ಟಿಯನ್ನು ಶೆಬ್ಬಾಕ್ ಒದ್ದರು, ಗೋಲ್‌ಕೀಪರ್ ತಡೆದರು. ಸಿಡಿದು ಬಂದ ಚೆಂಡಿಗೆ ಲಹಮಾರಿ ಮೊದಲು ಓಡಿ ಬಂದರು. 1–0. ಕೊನೆಯವರೆಗೂ ಅದೇ ಉಳಿಯಿತು.

ಆದರೂ ಮುಂದಿನ ಸುತ್ತು ಖಚಿತವಾಗಿರಲಿಲ್ಲ. ಅದೇ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿ ಜರ್ಮನಿ–ಕೊರಿಯಾ ಪಂದ್ಯ 1–1ರಲ್ಲಿ ನಡೆಯುತ್ತಿತ್ತು. ಜರ್ಮನಿ ಒಂದೇ ಒಂದು ಗೋಲು ಹೊಡೆದಿದ್ದರೆ ಮೊರಾಕ್ಕೊ ಮನೆಗೆ. ಪರ್ತ್‌ನ ಮೈದಾನದ ನಡುವೆ ಆಟಗಾರ್ತಿಯರು ಗುಂಪಾಗಿ ನಿಂತು ಒಂದು ಫೋನಿನ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಸೀಟಿ ಊದಿದಾಗ ಇಲ್ಲಿ ಕೂಗು ಎದ್ದಿತು, ಹಲವರು ಅತ್ತರು.

ಈಗ ಅಂತಿಮ ಪಟ್ಟಿ ನೋಡೋಣ. ಗೆಲುವಿಗೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ.

ಕೊಲಂಬಿಯಾ: 2 ಗೆಲುವು, 1 ಸೋಲು. 6 ಅಂಕ. ಹೊಡೆದದ್ದು 4 ಗೋಲು, ಬಿಟ್ಟುಕೊಟ್ಟದ್ದು 2.
ಮೊರಾಕ್ಕೊ: 2 ಗೆಲುವು, 1 ಸೋಲು. 6 ಅಂಕ. ಹೊಡೆದದ್ದು 2 ಗೋಲು, ಬಿಟ್ಟುಕೊಟ್ಟದ್ದು 6.
ಜರ್ಮನಿ: 1 ಗೆಲುವು, 1 ಡ್ರಾ, 1 ಸೋಲು. 4 ಅಂಕ. ಹೊಡೆದದ್ದು 8 ಗೋಲು, ಬಿಟ್ಟುಕೊಟ್ಟದ್ದು 3.
ದಕ್ಷಿಣ ಕೊರಿಯಾ: 1 ಡ್ರಾ, 2 ಸೋಲು. 1 ಅಂಕ. ಹೊಡೆದದ್ದು 1 ಗೋಲು, ಬಿಟ್ಟುಕೊಟ್ಟದ್ದು 4.

ಎಂಟು ಗೋಲು ಹೊಡೆದ ಜರ್ಮನಿ ಹೊರಗೆ. ಎರಡೇ ಗೋಲು ಹೊಡೆದ ಮೊರಾಕ್ಕೊ ಒಳಗೆ. ಇದರ ಗುಟ್ಟು ಸರಳ. ಮೊದಲು ನೋಡುವುದು ಅಂಕಗಳನ್ನು. ಅಂಕಗಳು ಸಮನಾದಾಗ ಮಾತ್ರ ಗೋಲುಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. 1–0ರ ಗೆಲುವಿಗೂ 6–0ರ ಗೆಲುವಿಗೂ ಸಿಗುವುದು ಮೂರೇ ಅಂಕ. 0–1ರಿಂದ ಸೋತರೂ 0–6ರಿಂದ ಸೋತರೂ ಸಿಗುವುದು ಸೊನ್ನೆಯೇ. ಮೊದಲ ದಿನದ ದೊಡ್ಡ ಸೋಲು ಮೊರಾಕ್ಕೊದಿಂದ ಕಸಿದದ್ದು ಒಂದು ಪಂದ್ಯವನ್ನು ಮಾತ್ರ. ಉಳಿದ ಎರಡು ಪಂದ್ಯ ಅವರ ಕೈಯಲ್ಲೇ ಇದ್ದವು. ಆ ಎರಡರಲ್ಲೂ ಅವರು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ಜರ್ಮನಿ ಮಹಿಳಾ ವಿಶ್ವಕಪ್‌ನ ಗುಂಪು ಹಂತದಲ್ಲೇ ಹೊರಬಿದ್ದದ್ದು ಅದೇ ಮೊದಲು. ಆ ವಿಶ್ವಕಪ್‌ಗೆ ಹೊಸದಾಗಿ ಬಂದಿದ್ದ ಎಂಟು ದೇಶಗಳಲ್ಲಿ ನಾಕೌಟ್ ಹಂತ ಮುಟ್ಟಿದ್ದು ಮೊರಾಕ್ಕೊ ಒಂದೇ. ಅಲ್ಲಿ ಫ್ರಾನ್ಸ್ ಎದುರು 0–4ರಿಂದ ಸೋತು ಅವರು ಊರಿಗೆ ಮರಳಿದರು.

ಮೂರನೇ ನಂಬರಿನ ಅಂಗಿ

ಕೊರಿಯಾ ಎದುರಿನ ಅಡಿಲೇಡ್ ಪಂದ್ಯದಲ್ಲಿ ಇನ್ನೊಂದು ವಿಷಯವೂ ದಾಖಲಾಯಿತು. ಮೂರನೇ ನಂಬರಿನ ಅಂಗಿ ತೊಟ್ಟ ಡಿಫೆಂಡರ್ ನುಹೈಲಾ ಬೆಂಝಿನಾ ಹಿಜಾಬ್ ಧರಿಸಿ ಮೈದಾನಕ್ಕಿಳಿದರು. ಹಿರಿಯರ ಮಹಿಳಾ ವಿಶ್ವಕಪ್‌ನಲ್ಲಿ ಹಾಗೆ ಆಡಿದ ಮೊದಲ ಆಟಗಾರ್ತಿ ಅವರು. ಅವರ ತಂಡದ ಹೆಚ್ಚಿನವರು ಬರಿದಲೆಯಲ್ಲೇ ಆಡಿದರು. ಇಬ್ಬರಿಗೂ ಒಂದೇ ಅಂಗಿ, ಒಂದೇ ತಂಡ.

ಇದು ತಾನಾಗಿ ಆದದ್ದಲ್ಲ. ಕುತ್ತಿಗೆಗೆ ಅಪಾಯವಾಗಬಹುದು ಎಂಬ ಕಾರಣ ಕೊಟ್ಟು ಫುಟ್ಬಾಲ್‌ನ ನಿಯಮ ರೂಪಿಸುವವರು ಹಲವು ವರ್ಷ ತಲೆವಸ್ತ್ರಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಸಿದ್ಧವಾಗಿ ಬಂದಿದ್ದ ಇರಾನ್ ತಂಡವನ್ನು ಇದೇ ಕಾರಣಕ್ಕೆ ಆಡಲು ಬಿಡಲಿಲ್ಲ. ಚೆಂಡು ಮುಟ್ಟದೆಯೇ ಅವರ ಪಾಲಿಗೆ ಸೋಲು ಬರೆಯಲಾಯಿತು. ಸೋಲು–ಗೆಲುವಿನ ಅಂಕಣದಲ್ಲಿ ಈ ಸಂಗತಿ ಕಾಣುವುದಿಲ್ಲ ನೋಡಿ. ಜೋರ್ಡಾನಿನ ರಾಜಕುಮಾರ ಅಲಿ ಬಿನ್ ಅಲ್ ಹುಸೇನ್ ಅಂದು ಫಿಫಾದ ಉಪಾಧ್ಯಕ್ಷರು. ಅವರು ಈ ವಿಷಯವನ್ನು ಕೈಗೆತ್ತಿಕೊಂಡರು. ಅಪಾಯವಿಲ್ಲದ ವಿನ್ಯಾಸಗಳನ್ನು ತೋರಿಸಿದ ಮೇಲೆ 2012ರಲ್ಲಿ ಪ್ರಾಯೋಗಿಕವಾಗಿ, 2014ರಲ್ಲಿ ಕಾಯಂ ಆಗಿ ಅನುಮತಿ ಸಿಕ್ಕಿತು. ಅದೇ ಇರಾನ್ 2022ರ ಜನವರಿಯಲ್ಲಿ ಮೊದಲ ಬಾರಿಗೆ ಏಷ್ಯಾ ಕಪ್‌ಗೆ ಬಂದು ನವಿ ಮುಂಬಯಿಯಲ್ಲಿ ನಮ್ಮ ಭಾರತ ತಂಡದೊಂದಿಗೆ 0–0 ಡ್ರಾ ಮಾಡಿಕೊಂಡಿತು.

ಮೊರಾಕ್ಕೊ ಹುಡುಗಿಯರೂ ನಮ್ಮ ದೇಶಕ್ಕೆ ಬಂದಿದ್ದಾರೆ. 2022ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆದಾಗ ಅವರು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತವನ್ನು 3–0ರಿಂದ ಸೋಲಿಸಿದರು. ಪಿಯುಸಿ ಓದುವ ವಯಸ್ಸಿನವರ ತಂಡ ಅದು. ಹಿರಿಯರ ತಂಡಕ್ಕೆ ಹಾಕಿದ ಬುನಾದಿ ಕಿರಿಯರಿಗೂ ತಲುಪಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಕಥೆ ಗೆಲುವಿನಲ್ಲಿ ಮುಗಿಯುವುದಿಲ್ಲ

ವಿಶ್ವಕಪ್ ಆದ ಮೇಲೆ ಎಲ್ಲವೂ ಸುಗಮವಾಯಿತೆಂದು ಬರೆದರೆ ಸುಳ್ಳಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಂದೇ ಹೆಜ್ಜೆ ಬಾಕಿ ಇತ್ತು. ಜಾಂಬಿಯಾದ ನೆಲದಲ್ಲಿ 2–1ರಿಂದ ಗೆದ್ದು ಬಂದ ಮೊರಾಕ್ಕೊ ತನ್ನ ಊರಿನಲ್ಲೇ ಹೆಚ್ಚುವರಿ ಸಮಯದಲ್ಲಿ 0–2ರಿಂದ ಸೋತಿತು. ಒಟ್ಟು ಲೆಕ್ಕದಲ್ಲಿ ಒಂದು ಗೋಲಿನ ಕೊರತೆ, ಒಲಿಂಪಿಕ್ಸ್ ತಪ್ಪಿತು.

2025ರ ಜುಲೈನಲ್ಲಿ ಮತ್ತೆ ರಬಾತ್, ಮತ್ತೆ ಆಫ್ರಿಕಾ ಕಪ್ ಫೈನಲ್, ಎದುರಿಗೆ ನೈಜೀರಿಯಾ. ಈ ಸಲ ತರಬೇತುದಾರರು 2023ರಲ್ಲಿ ಸ್ಪೇನಿಗೆ ವಿಶ್ವಕಪ್ ಗೆಲ್ಲಿಸಿದ್ದ ಹೋರ್ಹೆ ವಿಲ್ಡಾ. ವಿರಾಮದ ಹೊತ್ತಿಗೆ ಮೊರಾಕ್ಕೊ 2–0ರಿಂದ ಮುಂದಿತ್ತು, ಒಂದು ಗೋಲು ಶೆಬ್ಬಾಕ್ ಅವರದೇ. ದ್ವಿತೀಯಾರ್ಧದಲ್ಲಿ ನೈಜೀರಿಯಾ ಮೂರು ಗೋಲು ಹೊಡೆದು 3–2ರಿಂದ ಗೆದ್ದಿತು, ಹತ್ತನೇ ಬಾರಿ ಕಪ್ ಎತ್ತಿತು. ತನ್ನದೇ ಜನರ ಮುಂದೆ ಎರಡು ಫೈನಲ್, ಎರಡೂ ಸೋಲು.

ಹಾಗಾದರೆ ಈ ತಂಡವನ್ನು ಸೋತ ತಂಡ ಎನ್ನಬೇಕೇ? ಇಪ್ಪತ್ತೆರಡು ವರ್ಷ ಪಂದ್ಯಾವಳಿಗೇ ಬಾರದವರು ಇಂದು ಫೈನಲ್ ಸೋತೆವೆಂದು ಅಳುವ ಮಟ್ಟಕ್ಕೆ ಬಂದಿದ್ದಾರೆ. ಅಳುವಿನ ಕಾರಣ ಬದಲಾಗಿದೆ ಎಂಬುದೇ ದೊಡ್ಡ ಬದಲಾವಣೆ. ಕಪ್ಪು ಇನ್ನೂ ಅವರ ಮನೆಗೆ ಬಂದಿಲ್ಲ. ಆದರೆ ಮೈದಾನ, ಲೀಗು, ಸಂಬಳ, ಕಲಿಸುವವರು ಎಲ್ಲ ಅಲ್ಲೇ ಇದ್ದಾರೆ. ಒಂದು ಫೈನಲ್ ಸೋತರೆ ಅವು ಕರಗಿ ಹೋಗುವುದಿಲ್ಲ.

ನಮ್ಮ ಕಾಲೇಜಿನ ಆಟದ ಮೈದಾನಕ್ಕೂ ಇದರಲ್ಲಿ ಒಂದು ಮಾತಿದೆ. 'ನಮ್ಮ ಹುಡುಗಿಯರಿಗೆ ಫುಟ್ಬಾಲ್‌ನಲ್ಲಿ ಆಸಕ್ತಿ ಇಲ್ಲ' ಎಂದು ಹೇಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಅವರಿಗೆ ಚೆಂಡು ಸಿಗುವುದು ವಾರದಲ್ಲಿ ಎಷ್ಟು ಗಂಟೆ? ಕಲಿಸುವವರು ಯಾರು? ಮೊರಾಕ್ಕೊದವರು ಈ ಎರಡಕ್ಕೆ ಉತ್ತರ ಕೊಟ್ಟ ಮೇಲೆಯೇ ಉಳಿದದ್ದು ಬಂದದ್ದು.