ಮೇಲಿನ ಮಣ್ಣು ಒಣಗಿದರೆ ಕೆಳಗಿನ ಊರಿಗೆ ಸೆಖೆ



ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ, ಅಲ್ವಾ? ಮಡಕೆಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಹೊಲದ ಮಣ್ಣೂ ಹಾಗೆಯೇ. ತೇವ ಇದ್ದರೆ ಬಿಸಿಲಿನ ಶಾಖದಲ್ಲಿ ದೊಡ್ಡ ಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ತೇವ ಇಲ್ಲದಿದ್ದರೆ ಆ ಶಾಖವೂ ಮಣ್ಣನ್ನು, ಅದರ ಮೇಲಿನ ಗಾಳಿಯನ್ನು ಕಾಯಿಸುತ್ತದೆ.

ಎತ್ತರದ ಪ್ರಸ್ಥಭೂಮಿಯ ಮಣ್ಣು ಒಣಗಿದರೆ ನೂರಾರು ಮೈಲಿ ದೂರದ ಊರಿಗೂ ಸೆಖೆ ತಟ್ಟಬಹುದು ಅಂದರೆ ನಂಬ್ತೀರಾ? ಒಂದು ಉದಾಹರಣೆ ನೋಡೋಣ.

ಮೆಕ್ಸಿಕೋ ದೇಶದ ನಡುವೆ ದೊಡ್ಡ ಪ್ರಸ್ಥಭೂಮಿ ಇದೆ. ಅದರ ಬಹುಭಾಗ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಎತ್ತರ. ಅದರ ಈಶಾನ್ಯಕ್ಕೆ, ತಗ್ಗಿನಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಬಯಲು. ಪ್ರಸ್ಥಭೂಮಿಯ ಒಣ ಮಣ್ಣಿನ ಮೇಲೆ ಕಾದ ಗಾಳಿ ಟೆಕ್ಸಾಸ್ ಕಡೆಗೆ ಬೀಸಿದಾಗ ಬಯಲಿನ ನೆಲಕ್ಕೆ ಇಳಿಯೋದಿಲ್ಲ. ಅದು ಹೊರಟಿದ್ದೇ ಎತ್ತರದಿಂದ. ಹಾಗಾಗಿ ಬಯಲಿನ ಗಾಳಿಯ ಮೇಲೆ ಬಿಸಿ ಪದರವಾಗಿ ಹರಡಿಕೊಳ್ಳುತ್ತದೆ.

ಇದು ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಕೆಳಗಿನ ತೇವದ ಗಾಳಿ ಮೇಲೇರಿದರೆ ತಾನೇ ಮೋಡ ಕಟ್ಟಿ ಗುಡುಗು ಮಳೆ ಬರೋದು? ಮೇಲಿನ ಬಿಸಿ ಪದರ ಅದನ್ನು ತಡೆಯುತ್ತದೆ. ಮಳೆ ತಪ್ಪುತ್ತದೆ. ಮೋಡವಿಲ್ಲದ ಬಿಸಿಲಿಗೆ ಬಯಲಿನ ಮಣ್ಣೂ ಒಣಗುತ್ತದೆ. ಒಣಗಿದ ಮೇಲೆ ಅಲ್ಲಿಯೂ ಬಿಸಿಲು ಗಾಳಿಯನ್ನೇ ಕಾಯಿಸುತ್ತದೆ. ಹೀಗೆ ಒಣಗು ಸೆಖೆಯನ್ನು, ಸೆಖೆ ಒಣಗನ್ನು ಬೆಳೆಸುತ್ತಾ ಹೋಗುತ್ತವೆ.

2011ರಲ್ಲಿ ಉತ್ತರ ಮೆಕ್ಸಿಕೋ, ಟೆಕ್ಸಾಸ್ ಎರಡೂ ಕಡೆ ಭಾರೀ ಬರ. ಪೆಸಿಫಿಕ್ ಸಾಗರದ ಲಾ ನಿನಾ ಸ್ಥಿತಿ ಮೊದಲೇ ಮಳೆಯನ್ನು ಕಡಿಮೆ ಮಾಡಿತ್ತು. ಒಣ ಮಣ್ಣು ಸೆಖೆಯನ್ನು ಇನ್ನಷ್ಟು ಏರಿಸಿತು. ಟೆಕ್ಸಾಸಿನ ಡಲ್ಲಾಸ್ ಪ್ರದೇಶದಲ್ಲಿ ಆ ವರ್ಷ 71 ದಿನ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಮೇವು, ನೀರು ಇಲ್ಲದೆ ಎಷ್ಟೋ ರೈತರು ದನಗಳನ್ನು ಮಾರಬೇಕಾಯಿತು.

ಮಣ್ಣಿನ ತೇವ ಹೋದರೆ ನಷ್ಟ ಆ ಹೊಲದವರಿಗೆ ಮಾತ್ರ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಾವು ಹಾಕುವ ಒಂದು ಬದು ದೂರದೂರಿನ ಸೆಖೆ ತಗ್ಗಿಸಲಾರದು, ನಿಜ. ಆದರೆ ಮಡಕೆಯ ನಿಯಮ ನಮ್ಮ ಹೊಲಕ್ಕೂ ಒಂದೇ. ಬದು ನೀರನ್ನು ತಡೆದು ಇಂಗಿಸುತ್ತದೆ, ಸೊಪ್ಪುಸದೆಯ ಹೊದಿಕೆ ಆ ತೇವವನ್ನು ಕಾಯುತ್ತದೆ. ಬೆಳೆ ಅದನ್ನೇ ಕುಡಿದು, ಎಲೆಗಳಿಂದ ಆವಿ ಬಿಟ್ಟು ಹೊಲವನ್ನು ತಂಪಾಗಿಡುತ್ತದೆ. ಈ ವಿಷಯವನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮಾತಾಡಿಕೊಳ್ಳಿ.