ಹದಿನಾಲ್ಕು ಫಾಲ್ಕನ್‌ಗಳ ರಾತ್ರಿ

14 ಪುಟ್ಟ ಜೆಟ್‌ಗಳು. 25 ನಗರಗಳು. ಅಷ್ಟಕ್ಕೂ ಸೇರಿ ಸಿಕ್ಕಿದ್ದು 186 ಪೊಟ್ಟಣ! 1973ರ ಏಪ್ರಿಲ್ 17ರ ರಾತ್ರಿ ಅಮೆರಿಕದ ಮೆಂಫಿಸ್‌ನಲ್ಲಿ ಪೊಟ್ಟಣ ಸಾಗಿಸುವ ಫೆಡರಲ್ ಎಕ್ಸ್‌ಪ್ರೆಸ್ ಕಂಪನಿ ಹಾರಾಟ ಶುರು ಮಾಡಿದ್ದು ಹೀಗೆ. ಆದರೆ ಆ ವಿಮಾನಗಳ ಪೂರ್ವಕಥೆ ಕೇಳಿ. ಅಬ್ಬಾ ಅನ್ನಿಸದಿದ್ದರೆ ಹೇಳಿ!

ಅವು ಫ್ರಾನ್ಸಿನ ಡಸ್ಸೋ ಕಂಪನಿಯ ಫಾಲ್ಕನ್ 20ಗಳು. ದೊಡ್ಡ ದೊಡ್ಡ ಸಾಹುಕಾರರು ಕಾಲು ಚಾಚಿ ಕೂರಲೆಂದೇ ಹುಟ್ಟಿದ ಬಿಸಿನೆಸ್ ಜೆಟ್. ಅವುಗಳನ್ನು ಪ್ಯಾನ್ ಆಮ್ ಸಂಸ್ಥೆಗಾಗಿ ಮೆಚ್ಚಿ ಆರಿಸಿದವರು ಯಾರು ಗೊತ್ತೇ? 1927ರಲ್ಲಿ ಒಬ್ಬರೇ, ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್! ಅಮೆರಿಕದಲ್ಲಿ ಮಾರಲೆಂದು ಪ್ಯಾನ್ ಆಮ್ ತರಿಸಿದ್ದ ಫಾಲ್ಕನ್‌ಗಳಲ್ಲಿ ಎಷ್ಟೋ ಗಿರಾಕಿಯಿಲ್ಲದೆ ನಿಂತಿದ್ದವು. ವಿಯೆಟ್ನಾಂ ಯುದ್ಧದಿಂದ ಮರಳಿ, ಲಿಟಲ್ ರಾಕ್ ಊರಿನಲ್ಲಿ ಹಳೆ ಜೆಟ್‌ಗಳ ವ್ಯಾಪಾರಕ್ಕೆ ಇಳಿದಿದ್ದ, ಫೆಡರಲ್ ಎಕ್ಸ್‌ಪ್ರೆಸ್‌ನ ಸ್ಥಾಪಕ ಫ್ರೆಡ್ ಸ್ಮಿತ್ ಎಂಬ ತರುಣನ ಕಣ್ಣು ಅವುಗಳ ಮೇಲೆ ಬಿತ್ತು.

ಇಷ್ಟು ಚಿಕ್ಕ ವಿಮಾನವೇ ಏಕೆ? ಇಲ್ಲಿದೆ ನೋಡಿ ಸ್ವಾರಸ್ಯ. ಆಗ ಅಮೆರಿಕದಲ್ಲಿ ಯಾವ ವಿಮಾನ ಸಂಸ್ಥೆ ಎಲ್ಲಿಗೆ ಹಾರಬೇಕೆಂದು ನಿರ್ಧರಿಸುತ್ತಿದ್ದುದು ಸರ್ಕಾರ. ಹೊಸಬರಿಗೆ ಪರವಾನಗಿ ದಕ್ಕುವುದು ಕನಸಿನ ಮಾತು. 1972ರಲ್ಲಿ ನಿಯಮವೊಂದು ಸಡಿಲವಾಯಿತು: 7,500 ಪೌಂಡ್, ಅಂದರೆ ಸುಮಾರು 3,400 ಕಿಲೋ ಮೀರದಷ್ಟು ಹೊರುವ ವಿಮಾನಗಳಿದ್ದರೆ ಏರ್ ಟ್ಯಾಕ್ಸಿ ಎಂದು ಪರಿಗಣಿಸಿ ಆ ಪರವಾನಗಿಯಿಂದಲೇ ವಿನಾಯಿತಿ. ಫಾಲ್ಕನ್ ಆ ಗೆರೆಯೊಳಗೆ ಸರಿಯಾಗಿ ಕೂತಿತು!

ಆಮೇಲೆ ನಡೆದದ್ದು ಶಸ್ತ್ರಚಿಕಿತ್ಸೆ. ಮೆತ್ತನೆ ಸೀಟುಗಳನ್ನು ಕಿತ್ತರು. ಕಿಟಕಿ ಮುಚ್ಚಿದರು, ನೆಲ ಗಟ್ಟಿ ಮಾಡಿದರು. ವಿಮಾನದ ಪಕ್ಕೆಯನ್ನೇ ಕೊರೆದು ಸುಮಾರು 190 ಸೆಂಟಿಮೀಟರ್ ಅಗಲದ ಸರಕು ಬಾಗಿಲು ಕೂರಿಸಿದರು. ಗಾಳಿಯ ಒತ್ತಡ ತಡೆಯಬೇಕಾದ ಒಡಲಿಗೆ ಅಷ್ಟು ದೊಡ್ಡ ತೂತು ಕೊರೆಯುವುದೆಂದರೆ ಎಂಥ ಧೈರ್ಯ, ಎಂಥ ಲೆಕ್ಕಾಚಾರ!

ಇಷ್ಟಾದರೆ ಹಾರಾಟದ ಕ್ರಮವೂ ಅಚ್ಚರಿಯೇ. ಪಕ್ಕದೂರಿನ ಪೊಟ್ಟಣವೂ ಮೊದಲು ಮೆಂಫಿಸ್‌ಗೇ ಬರಬೇಕು. ನಡುರಾತ್ರಿ ಎಲ್ಲ ಜೆಟ್‌ಗಳೂ ಸಂತೆಗೆ ಬಂದ ಗಾಡಿಗಳಂತೆ ಅಲ್ಲಿ ನೆರೆದು, ಹೊರೆ ಇಳಿಸಿ, ವಿಂಗಡಿಸಿ, ಬೆಳಗಾಗುವ ಮುನ್ನ ಮತ್ತೆ ಚದುರಬೇಕು. ದೇಶದ ನಡುಭಾಗಕ್ಕೆ ಹತ್ತಿರ, ಹವೆಯೂ ಸೌಮ್ಯ. ಮೆಂಫಿಸ್‌ನ ಆಯ್ಕೆಗೆ ಅದೇ ಕಾರಣ.

ಫಾಲ್ಕನ್‌ಗಳು 33ಕ್ಕೆ ಬೆಳೆದವು. ಆದರೂ ಸಾಲದಾಯಿತು. 1977ರಲ್ಲಿ ಸರಕು ವಿಮಾನಗಳ ಕಟ್ಟುಪಾಡು ಕಳಚಿದ ಮೇಲೆ ಬೋಯಿಂಗ್ 727ಗಳು ಬಂದವು. ಹೊಸ ವಿಮಾನ ಸಂಸ್ಥೆ ಕಟ್ಟಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಮೊದಲ ಫಾಲ್ಕನ್‌ಗೆ ಸ್ಮಿತ್ ಮಗಳ ಹೆಸರೇ ಇಟ್ಟಿದ್ದರು: ವೆಂಡಿ. ಈಗ ಅದು ವಾಷಿಂಗ್ಟನ್ ಸಮೀಪದ ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕ, ಸ್ಮಿತ್‌ಸೋನಿಯನ್‌ನ ಉಡ್ವಾರ್-ಹೇಜಿ ಸಂಗ್ರಹಾಲಯದಲ್ಲಿದೆ. ಆ ಕಡೆ ಹೋದರೆ ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಬಾಗಿಲನ್ನು ನೋಡಿ ಬನ್ನಿ. ಪ್ರವೇಶ ಉಚಿತ.